ನನ್ನ ಹೆಂಡತಿಯ ಗುರು

ಮಾನ್ಯ ಅಧ್ಯಕ್ಷರೇ, ಕರೆಗೆ ಓಗೊಟ್ಟು ಬಂದ ಶೆರೀಫರೇ, ಬೇಯುತ್ತಿರುವ ಬ್ರಿಸ್ಕೆಟ್ ಮಾಂಸದ ಪರಿಮಳಕ್ಕೆ ಮನಸೋತು ನನ್ನ ಮಾತು ಬೇಗ ಮುಗಿಯಲೆಂದು ಕಾಯುತ್ತಿರುವ ಸಭಿಕರೇ,

ಟೆಕ್ಸಸ್‌ನ ಈ ಪುಟ್ಟ ಊರಿನ ನಮ್ಮ ಶೂಟಿಂಗ್ ಕ್ಲಬ್ಬಿನ ಈ ವರ್ಷದ ಉತ್ತಮ ತರಬೇತುದಾರ ಡೆಲ್ಬರ್ಟ್ ಕಿಂಕೇಡ್. ಅವರನ್ನು ಅಭಿನಂದಿಸುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಇಲ್ಲಿ ಅವರಿಗಿಂತ ಮೊದಲಿನಿಂದ ಪಿಸ್ತೂಲು ಕಲಿಸುತ್ತಿರುವವನು ನಾನು. ಸುಮ್ಮನೆ ಹೇಳಿದೆ. ಡೆಲ್ಬರ್ಟ್ ಬಹಳ ಸೌಮ್ಯ ಸ್ವಭಾವದವರು. ಎತ್ತರದ ಆಳು. ತಲೆತುಂಬ ಕೂದಲು. ಅದೂ ಇರಲಿ.

ನನ್ನ ಹೆಂಡತಿ ವರ್ನಾ ದನಕರುಗಳ ಮೇವಿನ ಅಂಗಡಿ ನಡೆಸುತ್ತಾಳೆ. ಆತ್ಮರಕ್ಷಣೆಗೆಂದು ಅವಳಿಗೆ ನಾನೇ ಕಲಿಸಲು ಹೊರಟೆ. ಮೊದಲ ಪಾಠದಲ್ಲೇ, "ಮೊಣಕೈ ನೋಡು! ಎಷ್ಟು ಸಲ ಹೇಳ್ಬೇಕು?" ಎಂದು ಕೂಗಿದೆ. ಅವಳು ಗುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟು, "ರಾಯ್ಸ್, ನೀನು ಮನೇಲಿ ಗಂಡನಾಗಿದ್ರೆ ಸಾಕು," ಎಂದವಳೇ ಡೆಲ್ಬರ್ಟ್ ತರಗತಿಗೆ ಸೇರಿದಳು.

ಆಮೇಲೆ ಊಟದ ಹೊತ್ತಿಗೆ ಡೆಲ್ಬರ್ಟ್ ಬಿಟ್ಟರೆ ಬೇರೆ ಮಾತಿಲ್ಲ. "ಗುಂಡು ಹಾರಿಸೋದು ಕೊನೇ ದಾರಿಯಂತೆ. ಮೊದಲು ದೂರ ಸರೀಬೇಕಂತೆ, ಜೋರಾಗಿ ಕೂಗಬೇಕಂತೆ." ಎಲ್ಲವೂ ಅಂತೆ! ನಾನೂ ಅದನ್ನೇ ಹೇಳಿರಲಿಲ್ಲವೇ? ನನ್ನ ಶಿಷ್ಯರೇ ಹೇಳಲಿ, ಹೇಳಿರಲಿಲ್ಲವೇ? ಒಂದು ಶನಿವಾರ ಅಭ್ಯಾಸದ ನೆಪದಲ್ಲಿ ಪಕ್ಕದಲ್ಲೇ ನಿಂತು ನೋಡಿದೆ. ಡೆಲ್ಬರ್ಟ್ ಅವಳ ಮೊಣಕೈಯನ್ನು ಒಂದೇ ಬೆರಳಿನಿಂದ ಸರಿಪಡಿಸಿದರು. ಅವಳು ನಕ್ಕಳು. ಅಂದು ನನ್ನ ಒಂದು ಗುಂಡೂ ಗುರಿಗೆ ತಾಗಲಿಲ್ಲ.

ಕಳೆದ ಅಕ್ಟೋಬರಿನಲ್ಲಿ, ಅಂಗಡಿ ಮುಚ್ಚುವ ಹೊತ್ತಿಗೆ, ಒಬ್ಬ ಚಾಕು ಹಿಡಿದು ಒಳನುಗ್ಗಿದ. ವರ್ನಾ ಹಿಂದೆ ಸರಿದು, ಮೇವಿನ ಚೀಲಗಳನ್ನು ಅಡ್ಡ ಮಾಡಿಕೊಂಡು, ಪಿಸ್ತೂಲು ಎತ್ತಿ, "ಅಲ್ಲೇ ನಿಲ್ಲು! ಚಾಕು ಕೆಳಗೆ ಹಾಕು!" ಎಂದು ಅಬ್ಬರಿಸಿದಳು. ಅವನು ಚಾಕು ಬಿಸಾಡಿ ಓಡಿದ. ಒಂದು ಗುಂಡೂ ಹಾರಲಿಲ್ಲ.

ನಾನು ಓಡಿ ಬಂದಾಗ ಅವಳು ಚೀಲದ ಮೇಲೆ ಕುಳಿತಿದ್ದಳು. ವಿಚಾರಣೆಗೆ ಬಂದಿದ್ದ ಶೆರೀಫರು, "ಚೆನ್ನಾಗಿ ಕಲ್ತಿದ್ದೀಯಮ್ಮ. ಯಾರು ಕಲಿಸಿದ್ದು?" ಎಂದು ನನ್ನ ಕಡೆ ನೋಡಿದರು. ನಾನು ವಿನಯದಿಂದ ಟೋಪಿ ತೆಗೆದೆ.

"ಡೆಲ್ಬರ್ಟ್," ಎಂದಳು ವರ್ನಾ.

ಮನೆಗೆ ಹೋಗುವಾಗ ಟ್ರಕ್ಕಿನಲ್ಲಿ ಕೇಳಿದೆ: "ಆ ಹೊತ್ತಲ್ಲಿ ಯಾರ ನೆನಪಾಯ್ತು?"

"ಇವತ್ತಾದ್ರೂ ಹೊಟ್ಟೆಕಿಚ್ಚು ಬಿಡು ಮಾರಾಯ," ಎಂದು ನನ್ನ ಕೈ ಹಿಡಿದುಕೊಂಡಳು. ಮನೆ ಬರುವ ತನಕ ಬಿಡಲಿಲ್ಲ.

ಸಭಿಕರೇ, ವರ್ನಾ ಇಲ್ಲೇ ಎರಡನೇ ಸಾಲಿನಲ್ಲಿದ್ದಾಳೆ. ಡೆಲ್ಬರ್ಟ್ ಪಕ್ಕದಲ್ಲೇ ಕುಳಿತಿದ್ದಾಳೆ, ಅದೂ ನನಗೆ ಕಾಣುತ್ತಿದೆ. ಕುಳಿತಿರಲಿ. ಅವಳು ಜೀವದಿಂದ ಇದ್ದಾಳಲ್ಲ!

ಡೆಲ್ಬರ್ಟ್, ವೇದಿಕೆಗೆ ಬನ್ನಿ. ಪ್ರಶಸ್ತಿ ಫಲಕ ನಾನೇ ಕೊಡುತ್ತೇನೆ. ವರ್ನಾ, ನೀನು ಏಳಬೇಡ.

ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.