ಅಂಗಳಕ್ಕೆ ಅಡ್ಡ ಹಾಕಿದ ಗಳ

ಬಂಧುಗಳೇ, ಒಂದೂರು. ಆ ಊರಿಗೆಲ್ಲ ದೊಡ್ಡವನು ಅನ್ನಿಸಿಕೊಂಡ ಒಬ್ಬ ಶ್ರೀಮಂತ. ಹೆಸರು ಬೇಡ, ಹೆಸರು ಹೇಳಿದರೆ ಈ ಸಭೆಯಲ್ಲೇ ಯಾರಾದರೂ ತಿರುಗಿ ನೋಡಿಯಾರು! ಅವನು ಬೀದಿಗಿಳಿದರೆ ಜನ ಪಕ್ಕಕ್ಕೆ ಸರಿಯಬೇಕು. ಹೆಗಲ ಮೇಲಿನ ಟವೆಲು ಕಂಕುಳಿಗೆ ಇಳಿಯಬೇಕು. ಕೂಲಿಯವರು ಹಿತ್ತಿಲಿನಿಂದ ಬರಬೇಕು, ನೀರು ಬೇಕಾದರೆ ಬೊಗಸೆ ಒಡ್ಡಬೇಕು. ನಲವತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಕಾಲ ಬದಲಾಯಿತು ನೋಡಿ. ಬೊಗಸೆ ಒಡ್ಡುತ್ತಿದ್ದವರ ಮೊಮ್ಮಕ್ಕಳು ಅವನೆದುರೇ ಬೈಕಿನ ಹಾರ್ನ್ ಬಾರಿಸಿಕೊಂಡು ಹೋಗತೊಡಗಿದರು. ಅವನಿಗೆ ತಡೆಯಲಾಗಲಿಲ್ಲ. "ಈ ಊರಲ್ಲಿ ಮರ್ಯಾದೆ ಅನ್ನೋದು ಸತ್ತೋಯ್ತು ಕಣೇ" ಎಂದು ಹೆಂಡತಿಗೆ ಹೇಳಿ, ಆಸ್ತಿ ಮಾರಿ, ಹಡಗು ಹತ್ತಿ, ದೂರದ ಒಂದು ದ್ವೀಪಕ್ಕೆ ಹೋಗಿ ನೆಲೆಸಿದ.

ಎಂಥ ದ್ವೀಪ ಅಂತೀರಿ! ಕೈಗೆಟುಕುವ ಎಳನೀರು, ಗಾಜಿನಂಥ ಸಮುದ್ರ, ಜನವರಿಯಲ್ಲೂ ಬೆವರು. ಅಲ್ಲಿದ್ದವರು ಮೂರು ತಲೆಮಾರಿನ ಹಿಂದೆ ನಮ್ಮ ಕರಾವಳಿಯಿಂದಲೇ ಹೋದ ಮೀನುಗಾರರು. ಮಾತು ನಮ್ಮದೇ. ನಡವಳಿಕೆ ಮಾತ್ರ ಅವರದೇ. ಆ ದ್ವೀಪದಲ್ಲಿ ಬೀದಿ ಎಂಬುದಿಲ್ಲ. ಒಬ್ಬರ ಅಂಗಳ ದಾಟಿ ಇನ್ನೊಬ್ಬರ ಅಂಗಳ, ಅದನ್ನು ದಾಟಿದರೆ ಮತ್ತೊಬ್ಬರದು, ಕೊನೆಗೆ ಸಮುದ್ರ. ದಾಟುವವರು ಸುಮ್ಮನೆ ದಾಟುವುದೂ ಇಲ್ಲ. ಜಗಲಿಯ ಕೊಡದಿಂದ ನೀರು ಕುಡಿಯುತ್ತಾರೆ, ಅಡುಗೆಮನೆಯ ಕಿಟಕಿಗೆ ಮೂಗು ತಂದು "ಒಗ್ಗರಣೆ ಸೀದುಹೋಯ್ತಲ್ಲ ಅಮ್ಮ" ಎನ್ನುತ್ತಾರೆ.

ಹೆಂಡತಿಗೆ ಇದು ಬಲು ಇಷ್ಟವಾಯಿತು. ಶ್ರೀಮಂತನಿಗೆ ಮೈಯೆಲ್ಲ ಉರಿಯಿತು. ಮೀನಿನ ಬುಟ್ಟಿ ಹೊತ್ತವರು ತನ್ನ ಅಂಗಳದಲ್ಲಿ! ತನ್ನ ಕೊಡಕ್ಕೆ ಅವರ ಕೈ! ನಾಲ್ಕನೆಯ ದಿನವೇ ಒಂದು ಉದ್ದನೆಯ ಬಿದಿರ ಗಳ ತಂದು, ಅಂಗಳದ ಎರಡು ತೆಂಗಿನ ಮರಗಳ ನಡುವೆ ದಾರಿಗೆ ಅಡ್ಡ ಕಟ್ಟಿಬಿಟ್ಟ.

ನೋಡಿ, ಈಗ ಪವಾಡ ನೋಡಿ! ಮರುದಿನದಿಂದ ಒಬ್ಬನಾದರೂ ಅಂಗಳಕ್ಕೆ ಬರಲಿಲ್ಲ. ಜಗಳವಿಲ್ಲ, ಗೊಣಗಾಟವಿಲ್ಲ. ಎಲ್ಲರೂ ಸುತ್ತು ಬಳಸಿ ಹೋದರು. ಅಷ್ಟೇ ಅಲ್ಲ, ಬೆಳಗಾದರೆ ಗಳದ ಬುಡದಲ್ಲಿ ಒಂದು ಮಡಕೆ ಬಿಸಿ ಗಂಜಿ, ಎರಡು ಎಳನೀರು, ಒಂದು ಗೊಂಚಲು ಬೇವಿನ ಸೊಪ್ಪು.

"ನೋಡ್ದೇನೇ?" ಶ್ರೀಮಂತ ಮೀಸೆ ತಿರುವಿದ. "ಕಾಣಿಕೆ! ಕೇಳ್ದೆನೇ ತಂದಿಡ್ತಾವ್ರೆ. ದೊಡ್ಡೋರು ಯಾರು ಅಂತ ಈ ಜನಕ್ಕೆ ಗೊತ್ತಾಗತ್ತೆ."

"ಕಾಣಿಕೆಗೆ ಯಾರಾದ್ರೂ ಗಂಜಿ ಕೊಡ್ತಾರೇನ್ರೀ?" ಎಂದಳು ಹೆಂಡತಿ.

"ಬಡವರು. ಇದ್ದಿದ್ದು ಕೊಡ್ತಾರೆ."

ಅವರು ಮುಟ್ಟಿದ್ದನ್ನು ಅವನು ಉಣ್ಣುತ್ತಾನೆಯೇ? ಕೋಳಿಗೆ ಹಾಕು ಎಂದ. ಕೋಳಿಗೆ ಎಷ್ಟು ಹೋಯಿತೋ, ಬಾಗಿಲ ಮರೆಯಲ್ಲಿ ಉಪ್ಪಿನಕಾಯಿ ನೆಂಚಿಕೊಂಡು ಹೆಂಡತಿ ಎಷ್ಟು ಉಂಡಳೋ, ಅದು ಆ ತಾಯಿಗೇ ಗೊತ್ತು.

ಸಂಜೆಯಾದರೆ ಶ್ರೀಮಂತನ ಸವಾರಿ. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಕೊಡೆ. ಒಂದು ದಿನ ದೀಪಸ್ತಂಭ, ಇನ್ನೊಂದು ದಿನ ದೋಣಿಕಟ್ಟೆ, ಮಗದೊಂದು ದಿನ ಹವಳದ ಕಲ್ಲು ಕಾಣುವ ಕೊಲ್ಲಿ. ಹೋಗುವುದು ಹೇಗೆ? ಇನ್ನೊಬ್ಬರ ಅಂಗಳ ದಾಟಿಕೊಂಡೇ! ತನ್ನದಕ್ಕೆ ಗಳ, ಊರವರದೆಲ್ಲ ರಾಜಬೀದಿ. ಅವನು ಬರುವುದು ಕಂಡರೆ ಗಂಡಸರು ಹತ್ತು ಮಾರು ಸರಿದು ನಿಲ್ಲುತ್ತಿದ್ದರು. ಹೆಂಗಸರು ಸೆರಗು ಮೂಗಿಗೆ ಎಳೆದುಕೊಳ್ಳುತ್ತಿದ್ದರು. ಒಬ್ಬ ಮುದುಕನಂತೂ ಕೈ ಮುಗಿದು ಮುಖವನ್ನೇ ತಿರುಗಿಸಿಕೊಂಡ. ಶ್ರೀಮಂತನ ಮೈಗೆ ಕಡಲ ಗಾಳಿಗಿಂತ ಈ ಮರ್ಯಾದೆಯ ಗಾಳಿ ಹಿತವಾಯಿತು. ಕಳೆದುಹೋದ ಮರ್ಯಾದೆ ಸಮುದ್ರದಾಚೆ ಸಿಕ್ಕಿತಲ್ಲ!

ಆದರೆ ಹೆಂಡತಿ? ಮೂರು ತಿಂಗಳು ಆಕೆಯೊಡನೆ ಒಂದು ಜೀವವೂ ಮಾತಾಡಲಿಲ್ಲ. ಪ್ರತಿ ಅಮಾವಾಸ್ಯೆಗೆ ನೀರು ಇಳಿದಾಗ ಸಮುದ್ರದ ನಡುವೆ ಒಂದು ಮರಳದಿಬ್ಬ ಮೇಲೇಳುತ್ತದೆ. ಊರಿನ ಹೆಂಗಸರೆಲ್ಲ ಒಂದೇ ದೋಣಿಯಲ್ಲಿ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ. ಚಿಪ್ಪು ಹೆಕ್ಕುತ್ತಾರೆ, ಗಂಡಂದಿರನ್ನು ಅಣಕಿಸುತ್ತಾರೆ, ಬೀಳುವಷ್ಟು ನಗುತ್ತಾರೆ. ಆ ನಗು ಗಾಳಿಯಲ್ಲಿ ತೇಲಿ ಮನೆಯವರೆಗೂ ಬರುತ್ತಿತ್ತು. ಮೂರನೆಯ ಅಮಾವಾಸ್ಯೆಯ ಹಿಂದಿನ ದಿನ ಆಕೆ ಟ್ರಂಕು ತುಂಬಿಸಿ ನಡುಮನೆಯಲ್ಲಿಟ್ಟಳು.

"ನಾಳೆ ಆ ದೋಣೀಲಿ ನನ್ನ ಕೂರಿಸ್ಕೊಂಡ್ರೆ ಉಳೀತೀನಿ. ಇಲ್ದಿದ್ರೆ ಶುಕ್ರವಾರದ ಹಡಗಿಗೆ ನಾನು ಹೊರಟೆ. ನೀವಿರಿ, ನಿಮ್ಮ ಮರ್ಯಾದೆ ಇರ್ಲಿ."

ಶ್ರೀಮಂತ ನಕ್ಕ. ಟ್ರಂಕಿಗೆ ಬೀಗ ಬಿದ್ದದ್ದು ಕಂಡಾಗ ನಗು ನಿಂತಿತು.

ಬೆಳಿಗ್ಗೆ ಗಂಜಿಯ ಮಡಕೆ ಇಡಲು ದೋಣಿಯ ಯಜಮಾನಿ ಮುದುಕಿ ಬಂದಳು. ಹೆಂಡತಿ ಗಳದ ಈಚೆ ಕಾದು ನಿಂತಿದ್ದಳು. ಅವಳನ್ನು ಕಂಡದ್ದೇ ಮುದುಕಿ ಮಡಕೆ ಬಿಟ್ಟು ಹಿಂದಕ್ಕೆ ಹಾರಿದಳು.

"ಅಲ್ಲೇ ನಿಲ್ಲಿ ಅಮ್ಮ, ಹತ್ರ ಬರ್ಬೇಡಿ! ನಿಮ್ಮವರಿಗೆ ಜ್ವರ ಇಳಿತಾ?"

"ಯಾರಿಗೆ ಜ್ವರ?"

"ನಿಮ್ಮವರಿಗೆ! ಮೂರು ತಿಂಗಳಾಯ್ತು, ಎಂಥ ಜ್ವರ ಮಾರಾಯ್ತಿ ಅದು? ಪಾಪ, ತಲೆಗೇರಿದ್ದು ಕಾಣ್ತದೆ, ಇಲ್ದಿದ್ರೆ ರೋಗ ಹೊತ್ಕಂಡು ಊರೆಲ್ಲ ತಿರುಗ್ತಾರಾ?"

"ಜ್ವರ ಇಲ್ಲ ಕಣವ್ವ, ಏನೂ ಇಲ್ಲ!"

"ಮತ್ತೆ ಗಳ ಎಂತಕ್ಕೆ?"

ಗೊತ್ತಾಯಿತೇ? ಆ ದ್ವೀಪದಲ್ಲಿ ದಾರಿಗೆ ಗಳ ಅಡ್ಡ ಕಟ್ಟುವುದು ಒಂದೇ ಕಾರಣಕ್ಕೆ: ಈ ಮನೆಯಲ್ಲಿ ಅಂಟುರೋಗವಿದೆ, ಯಾರೂ ಬರಬೇಡಿ. ಗಂಜಿ ಕಾಣಿಕೆಯಲ್ಲ, ರೋಗಿಯ ಪಥ್ಯ. ಸರಿದು ನಿಂತದ್ದು ಗೌರವಕ್ಕಲ್ಲ, ಸೋಂಕು ತಗಲೀತು ಎಂಬ ಭಯಕ್ಕೆ!

ಹೆಂಡತಿ ಗಳಕ್ಕೆ ಒರಗಿ ನಕ್ಕಳು. ನಕ್ಕು ನಕ್ಕು ನೆಲಕ್ಕೆ ಕೂತಳು. ಕಣ್ಣೊರೆಸಿಕೊಂಡು ಒಳಗೆ ಹೋಗಿ ಗಂಡನಿಗೆ ಹೇಳಿದಳು. ಅವನ ಮುಖ ಬಿಳುಚಿತು.

"ನಾನು ರೋಗಿಷ್ಠನೇ? ನನ್ನ ಕಂಡು ಮೂಗು ಮುಚ್ಕೊಂಡ್ರೇ?"

"ಅದನ್ನೇ ಮರ್ಯಾದೆ ಅಂದ್ಕೊಂಡ್ರಲ್ಲ! ನಲವತ್ತು ವರ್ಷ ನೀವು ಜನಾನ ದೂರ ನಿಲ್ಲಿಸಿದ್ರಿ. ಈಗ ನಿಮ್ಮನ್ನ ನಿಲ್ಲಿಸಿದ್ರೆ ಗುರುತೇ ಹತ್ತಲಿಲ್ಲ."

ಇನ್ನೇನು, ಗಳ ತೆಗೆದರಾಯಿತಲ್ಲ? ಅಷ್ಟು ಸಲೀಸಲ್ಲ. ಆ ದ್ವೀಪದ ಕಟ್ಟಳೆಯಂತೆ, ಗಳ ಕಟ್ಟಿದವನೇ ಅದನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು, ದೋಣಿಕಟ್ಟೆಯಲ್ಲಿ ಊರವರೆದುರು ಇಳಿಸಿ, ಯಾಕೆ ತೆಗೆದೆ ಎಂದು ಹೇಳಬೇಕು. ಏನೆಂದು ಹೇಳುವುದು? ಜ್ವರ ವಾಸಿಯಾಯಿತು ಎಂದರೆ ಮಾನ ಉಳಿಯುತ್ತದೆ. ಆದರೆ ಜ್ವರ ಬಿಟ್ಟ ಮನೆಯವರು ಇನ್ನೂ ಒಂಬತ್ತು ದಿನ ದೋಣಿ ಹತ್ತುವಂತಿಲ್ಲ. ಅಷ್ಟರಲ್ಲಿ ಶುಕ್ರವಾರ ಬರುತ್ತದೆ, ಹಡಗು ಬರುತ್ತದೆ. ಒಂದು ಕಡೆ ಮಾನ, ಒಂದು ಕಡೆ ಮಡದಿ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಶ್ರೀಮಂತ ಗಳ ಹೊತ್ತ. ಹಿಂದೆ ಹೆಂಡತಿ, ಕೈಯಲ್ಲಿ ಬುತ್ತಿ. ದೋಣಿ ಹೊರಡುವುದರಲ್ಲಿತ್ತು, ಇನ್ನು ಸ್ವಲ್ಪ ನೀರು ಇಳಿದರೆ ಅದು ಮರಳಿಗೆ ಕಚ್ಚಿಕೊಳ್ಳುತ್ತದೆ. ಗಳ ಇಳಿಸಿದ. ಮೀಸೆಗೆ ಹೋದ ಕೈಯನ್ನು ಕೆಳಗಿಳಿಸಿದ.

"ಬೇಗ ಹೇಳಿ ಮಾರಾಯ್ರೆ!" ದೋಣಿಯಿಂದ ಮುದುಕಿ ಕೂಗಿದಳು. "ನೀರು ಕಾಯ್ತದಾ?"

ಅವನು ಹೆಂಡತಿಯ ಮುಖ ನೋಡಿದ. ಆಕೆ ದೋಣಿಯನ್ನೇ ನೋಡುತ್ತಿದ್ದಳು.

"ಜ್ವರ ಇರ್ಲಿಲ್ಲ" ಎಂದ. "ನೀವು ನನ್ನ ಅಂಗಳ ತುಳೀಬಾರ್ದು, ನನ್ನ ಕೊಡ ಮುಟ್ಟಬಾರ್ದು ಅಂತ ಕಟ್ಟಿದ್ದೆ."

ಮುದುಕಿ ಹುಟ್ಟು ಕೆಳಗಿಟ್ಟಳು.

"ಹಾಗಾರೆ ಇದು ಜ್ವರಕ್ಕಿಂತ ಕೆಟ್ಟದ್ದು. ಜ್ವರವನ್ನ ಯಾರೂ ಬೇಕು ಅಂತ ತರಿಸ್ಕಳುದಿಲ್ಲ. ತೊಂಬತ್ತು ದಿನ ಗಂಜಿ ಹೊತ್ತೆನಲ್ಲ ನಾನು, ನಿಮ್ಮ ಹೆಸ್ರಲ್ಲಿ ಹರಕೆ ಬೇರೆ!" ಹೆಂಡತಿಯತ್ತ ಕೈ ಚಾಚಿದಳು. "ಅಮ್ಮ, ನೀವು ಹತ್ತಿ. ನೀವು ಗಳ ಕಟ್ಟಿದವ್ರಲ್ಲ. ಏಯ್ ದೊಡ್ಡ ಮನುಷ್ಯ, ಎಂತ ನೋಡ್ತೀರಿ? ಹಿಂದಿನಿಂದ ದೂಡಿ!"

ದೂಡಿದ. ಇಸ್ತ್ರಿ ಪಂಚೆ ಸೊಂಟದವರೆಗೆ ಒದ್ದೆ. ಒಂದು ಬದಿಗೆ ಮೀನುಗಾರನ ಹೆಗಲು, ಇನ್ನೊಂದು ಬದಿಗೆ ಬುಟ್ಟಿ ಹೊರುವವನ ಹೆಗಲು, ನಡುವೆ ಇವನದು. ದೋಣಿ ತೇಲಿತು. ಹೆಂಡತಿ ಹೆಂಗಸರ ನಡುವೆ ಕೂತು ಏನೋ ಅಂದಳು. ದೋಣಿಗೆ ದೋಣಿಯೇ ಘೊಳ್ಳೆಂದಿತು. ಯಾರನ್ನು ಕುರಿತು ನಕ್ಕರು ಎಂದು ನಾನು ಬೇರೆ ಹೇಳಬೇಕೇ?

ನೀವೂ ನಕ್ಕಿರಿ. ಚೆನ್ನಾಗಿ ನಕ್ಕಿರಿ. ಈಗ ನಗು ನಿಲ್ಲಿಸಿ ಕೇಳಿ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲಸದಾಕೆಗೆ ಬೇರೆ ಲಿಫ್ಟ್ ಏಕೆ? ಸಿಂಕಿನ ಕೆಳಗೆ ಕವುಚಿಟ್ಟ ಆ ಒಂದು ಲೋಟ ಯಾರದು? ನಿಮ್ಮ ಮಕ್ಕಳನ್ನು ಎತ್ತಿ ಆಡಿಸುವ ಕೈ ನಿಮ್ಮ ತಟ್ಟೆ ಮುಟ್ಟಿದರೆ ಏನಾಗುತ್ತದೆ? ಸ್ವಚ್ಛತೆಗಾಗಿ ಎನ್ನಬೇಡಿ. ಕೊಳೆ ತೊಳೆಯುವವಳು ಆಕೆ, ಮಾಡುವವರು ನೀವು. ದೂರ ನಿಲ್ಲಿಸುವವನೇ ರೋಗಿ, ತಾಯಂದಿರೇ! ನಿಂತವರಲ್ಲ.

ನಾಳೆ ಬೆಳಿಗ್ಗೆ ನೀವು ಕುಡಿಯುವ ಲೋಟದಲ್ಲೇ ಆಕೆಗೆ ಕಾಫಿ ಕೊಡಿ. ಕುರ್ಚಿಯಲ್ಲಿ ಕೂರಲು ಹೇಳಿ. ಬೇಡ ಎಂದಾಳು, ಅದು ಸಂಕೋಚವಲ್ಲ, ನೀವು ಕಲಿಸಿದ ಪಾಠ. ಮತ್ತೆ ಹೇಳಿ. ಆಕೆ ಕೂರುವ ತನಕ ನೀವೂ ಕೂರಬೇಡಿ.

ನಾಳೆಯದು ನಾಳೆಗಾಯಿತು. ಇವತ್ತಿನದು? ಈ ಮಂಟಪದ ಹಿಂದೆ, ನಮ್ಮ ಪ್ರವಚನ ಶುರುವಾದ ಆರು ದಿನಗಳಿಂದ, ನಮ್ಮ ಎಂಜಲೆಲೆ ಎತ್ತುವವರು ಹನ್ನೆರಡು ಜನ ಇದ್ದಾರೆ. ನಾವೆಲ್ಲ ಉಂಡ ಮೇಲೆ ಅವರು ನಿಂತುಕೊಂಡು ಉಣ್ಣುತ್ತಾರೆ. ಕಾಣದವನಂತೆ ನಾನೂ ಆರು ದಿನ ಉಂಡೆ. ಈ ದಿನ ಮೊದಲ ಪಂಕ್ತಿ ಅವರದು. ಎಲೆ ಹಾಕುವವನು ನಾನು. ಬಡಿಸುವುದಕ್ಕೆ, ಆಮೇಲೆ ಆ ಎಲೆ ಎತ್ತುವುದಕ್ಕೆ ಹತ್ತು ಜನ ಬೇಕು.

ಯಾರು ಬರುತ್ತೀರಿ? ಕೈ ಎತ್ತಿ. ಅಕ್ಕಪಕ್ಕ ನೋಡಬೇಡಿ, ಕೈ ಎತ್ತಿ.