ನೀಲಿ ಬಣ್ಣದ ಮೂಲೆ

ಚುನ್‌ಚನ್‌ನ ಸತ್ತವರಿಗೆ ಕೊನೆಯ ನಮನ ಸಲ್ಲಿಸಲು ಬಂದವರಿಗೆ ಊಟವನ್ನೂ ಬಡಿಸುವ ಶೋಕಗೃಹದ ಎದುರಿನ ಬಸ್ ನಿಲ್ದಾಣದಲ್ಲಿ ಕಪ್ಪು ಕೋಟಿನ ಇಬ್ಬರು ಹೆಂಗಸರು ನನ್ನ ಪಕ್ಕ ಬಂದು ಕೂತರು. ಕೋಣೆಯೊಳಗೆ ಗಾಳಿ ಹೇಗೆ ಓಡಾಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರ ಕೆಲಸವೆಂದು ಮಾತಿನಲ್ಲೇ ತಿಳಿಯಿತು. ಕೇಳಬೇಕೆಂದು ಕೂತವನಲ್ಲ ನಾನು, ಕೇಳಿಸಿತು.

“ಒಳಗೆ ಊಟಕ್ಕಿಟ್ಟ ಸೂಪು ಮುಟ್ಟಲೇ ಇಲ್ವಲ್ಲೇ ಗ್ಯುರಿ,” ಅಂದಳು ದೊಡ್ಡವಳು.

“ತೀರ್ಕೊಂಡ ಅಜ್ಜಿ ಮಗಳೇ ತಂದಿಟ್ರು, ಅಕ್ಕ. ಥ್ಯಾಂಕ್ಸ್ ಬೇರೆ ಹೇಳಿದ್ರು.”

“ಯಾಕಂತೆ?”

“ವೃದ್ಧಾಶ್ರಮದಲ್ಲಿ ನಾವು ಮಾಡಿಕೊಟ್ಟ ಗಾಳಿ ಚಿತ್ರ ನೋಡೇ ಅಮ್ಮಂಗೆ ಕಿಟಕಿ ಪಕ್ಕದ ಮಂಚ ಕೇಳಿ ಹಾಕಿಸ್ಕೊಂಡಿದ್ರಂತೆ. ಆ ಮೂಲೆಗೆ ನೀಲಿ ಬಣ್ಣ ಬಂದಿತ್ತಲ್ಲ, ಒಳ್ಳೆ ಗಾಳಿ ಅಂತ.”

“ಕಿಟಕಿ ಒಂದು ಗೇಣು ತೆಗೆದಿರುತ್ತೆ ಅಂತ ತಾನೆ ನಾವು ಲೆಕ್ಕ ಹಾಕಿದ್ದು.”

“ಅಳತೆಗೆ ಹೋಗಿದ್ದು ಸೆಪ್ಟೆಂಬರಲ್ಲಿ. ನವೆಂಬರಿಗೆ ಆಶ್ರಮದವರು ಕಿಟಕಿ ತುಂಬ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿ ಸುತ್ತ ಟೇಪ್ ಹೊಡೆದಿದಾರೆ. ಗಾಳಿ ಆಡದೆ ರೂಮಲ್ಲಿ ನಾಲ್ಕೂ ಜನಕ್ಕೆ ಕೆಮ್ಮು ಹತ್ತಿತು. ಈ ಅಜ್ಜಿ ಉಳೀಲಿಲ್ಲ.”

“ಚಳಿಗಾಲಕ್ಕೆ ಎಲ್ಲರೂ ಅಂಟಿಸ್ತಾರಪ್ಪ.”

“ನಮ್ಮನೇಲೂ ವರ್ಷಾ ವರ್ಷಾ ನಾನೇ ಅಂಟಿಸ್ತೀನಿ. ಲೆಕ್ಕ ಹಾಕುವಾಗ ಹೊಳೀಲೇ ಇಲ್ಲ ನೋಡಿ.”

ದೊಡ್ಡವಳು ರಸ್ತೆಯ ಕಡೆ ನೋಡಿದಳು. “ಇದನ್ನ ಮಗಳಿಗೆ ಹೇಳಿದ್ಯಾ?”

“ಇನ್ನೊಂದು ಬಟ್ಟಲು ಅನ್ನ ತರ್ಲಾ ಅಂತ ಕೇಳಿದ್ರು. ಬೇಡ ಅಂದೆ.”

ಬಸ್ಸು ಬಂತು; ಮೂವರೂ ಹತ್ತಿದೆವು. ಗ್ಯುರಿ ನನ್ನ ಮುಂದಿನ ಸೀಟಿನಲ್ಲಿ ಕೂತು, ಪಕ್ಕದ ಕಿಟಕಿಯನ್ನು ಒಂದು ಗೇಣು ಸರಿಸಿದಳು.

“ಮುಚ್ಚೇ, ಚಳಿ,” ಅಂದಳು ದೊಡ್ಡವಳು.

ಮುಚ್ಚಿದಳು.