ಪವಾಯಿ ಕೆರೆಯ ದಂಡೆಯಲ್ಲಿ ಉಳಿದ ಒಂದು ಜೊತೆ

ನಮ್ಮ ಯೂನಿಯನ್ನಿನ ಅಧ್ಯಕ್ಷರಾದ ಧರ್ಮಣ್ಣನವರೇ, ಪರೇಲಿನಿಂದ ಲೋಕಲ್‌ನಲ್ಲಿ ನಿಂತುಕೊಂಡೇ ಬಂದು ಇಲ್ಲಾದರೂ ಕುಳಿತುಕೊಂಡಿರುವ ಮುಖ್ಯ ಅತಿಥಿಗಳೇ, ರಾತ್ರಿಶಾಲೆಯ ಹೆಡ್‌ಮಾಸ್ತರರಾದ ದಾನಪ್ಪನವರೇ, ಸೇವಾ ಸಮಿತಿಯ ನನ್ನ ಸಂಗಾತಿಗಳೇ, ತಾಯಂದಿರೇ, ಕುರ್ಚಿ ಸಾಲದೆ ಬಾಗಿಲಲ್ಲಿ ನಿಂತಿರುವ ಸಭಿಕರೇ,

ಮೊದಲಿಗೆ ಒಂದು ವಿನಂತಿ. ಆ ಶಾಲನ್ನು ಈಗಲೇ ಹೊದಿಸಬೇಡಿ. ಮೇಜಿನ ಮೇಲೆಯೇ ಇರಲಿ. ನನ್ನ ಮಾತು ಮುಗಿದ ಮೇಲೆ ಹೊದಿಸಬೇಕೋ ಬೇಡವೋ ಎಂದು ನೀವೇ ತೀರ್ಮಾನ ಮಾಡಿ.

ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ ಏನೆಂದರು? ಈ ಬಸವಂತರಾಯರು ನಮ್ಮ ಕಾರ್ಖಾನೆಯ ಮೋಟಾರ್ ವೈಂಡಿಂಗ್ ವಿಭಾಗದ ಮಿಸ್ತ್ರಿ ಎಂದರು. ವಿಜಾಪುರ ಜಿಲ್ಲೆಯವರು ಎಂದರು. ಸೇವಾ ಸಮಿತಿಯ ಹಿರಿಯರು ಎಂದರು. ಐದು ವರ್ಷ ಪವಾಯಿ ಕೆರೆಯಲ್ಲಿ ಗಣಪತಿ ಬಿಡುವ ದಿನ ಒಂದೇ ಒಂದು ಜೀವವೂ ಹೋಗದಂತೆ ಕಾದವರು ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಮಹನೀಯರೇ, ಮೊದಲ ಮೂರು ಮಾತು ನಿಜ. ನಾಲ್ಕನೆಯದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಒಂದು ವರ್ಷದಿಂದ ಗೊತ್ತಿಲ್ಲ.

ಸ್ವಲ್ಪ ನೀರು ಕುಡಿಯುತ್ತೇನೆ.

ನನ್ನ ಕುರ್ಚಿಯ ಕೆಳಗೆ ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿದ ಒಂದು ಗಂಟು ಇದೆ. ಧರ್ಮಣ್ಣನವರು ಅದನ್ನು ಎರಡು ಸಲ ನೋಡಿದರು. ಬಹುಶಃ ತಿನ್ನುವುದೇನಾದರೂ ಇರಬಹುದು ಅಂದುಕೊಂಡಿದ್ದಾರೆ. ಅಲ್ಲ, ಸಾಹೇಬರೇ. ಅದರ ವಿಷಯಕ್ಕೇ ಬರುತ್ತೇನೆ. ಆದರೆ ಹಿಂದಿನದನ್ನು ಹೇಳದೆ ಅದನ್ನು ಬಿಚ್ಚಿದರೆ ನೀವು ನನ್ನನ್ನು ವೇದಿಕೆಯಿಂದ ಇಳಿಸುತ್ತೀರಿ.

ಈ ಸೇವಾ ಸಮಿತಿ ಏನು ಮಾಡುತ್ತದೆ ಎಂದು ಹೊಸಬರು ಕೇಳಬಹುದು. ಏನು ಮಾಡುವುದಿಲ್ಲ ಎಂದು ಕೇಳಿ! ಈ ಮೇ ತಿಂಗಳು ರೈಲು ಮುಷ್ಕರವಾದಾಗ ನಮ್ಮವರು ಒಬ್ಬ ಬಾಣಂತಿಯನ್ನು ವಿಕ್ರೋಳಿಯಿಂದ ಪರೇಲಿನ ಆಸ್ಪತ್ರೆಯವರೆಗೆ ಕೈಗಾಡಿಯಲ್ಲಿ ಒಯ್ದಿದ್ದಾರೆ. ಊರಿಂದ ಬಂದ ತಾರನ್ನು ಓದಿ ಹೇಳಿದ್ದಾರೆ, ಓದಿ ಅತ್ತಿದ್ದಾರೆ. ಚಾಳಿನ ನಲ್ಲಿಯ ಹತ್ತಿರ ಜಗಳ ಬಿಡಿಸಲು ಹೋಗಿ ಎರಡೂ ಕಡೆಯ ಪೆಟ್ಟು ತಿಂದಿದ್ದಾರೆ. ಅದೂ ಸೇವೆಯೇ.

ಆದರೆ ಸಮಿತಿ ಹುಟ್ಟಿದ್ದು ಇದಕ್ಕಲ್ಲ. ಅದು ಹುಟ್ಟಿದ್ದು ಒಬ್ಬನ ಸಾವಿನಿಂದ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ನಾನೂ ಶಂಕ್ರೆಪ್ಪನೂ ಮನೆಮಂದಿಯನ್ನು ಊರಲ್ಲಿ ಬಿಟ್ಟು ಬಂದು ಒಂದೇ ಖೋಲಿಯಲ್ಲಿದ್ದೆವು. ಒಂದೇ ಸ್ಟವ್, ಒಂದೇ ಬಕೆಟ್. ಅವನು ಬೆಳಗಾವಿ ಕಡೆಯವನು, ಹಾಡಿಕೊಂಡೇ ರೊಟ್ಟಿ ಬಡಿಯುತ್ತಿದ್ದ. ಆ ವರ್ಷ ಐದನೇ ದಿನ ಕಾರ್ಖಾನೆಯ ಗಣಪತಿಯನ್ನು ಪವಾಯಿಗೆ ಒಯ್ದೆವು. ಬಿಟ್ಟು ಬಂದು ತಲೆ ಎಣಿಸಿದರೆ ಒಂದು ಕಡಿಮೆ. ಮತ್ತೆ ಎಣಿಸಿದರೆ ಸರಿ. ಮೂರನೆಯ ಸಲ ಮತ್ತೆ ಕಡಿಮೆ. ಜನ ನಿಲ್ಲುತ್ತಾರೆಯೇ? ಅತ್ತ ಇತ್ತ ಓಡಾಡುತ್ತಿದ್ದರು. ಆಗ ಒಬ್ಬ ಹೇಳಿದ, “ಶಂಕ್ರೆಪ್ಪ ಕಾಣವಲ್ಲ. ಎಲ್ಲೋ ಚಾ ಕುಡಿಯಾಕ ಹೋಗಿರಬೇಕು, ನಡೀರಿ.”

ಹಾಗೆ ಹೇಳಿದವನು ಯಾರು? ನಾನೇ. ಇಷ್ಟು ವರ್ಷ ‘ಯಾರೋ ಅಂದರು’ ಎಂದೇ ಎಲ್ಲರಿಗೂ ಹೇಳುತ್ತ ಬಂದೆ. ಇವತ್ತು ಬಾಯಿಗೆ ಬಂತು, ಇರಲಿ. ಆ ರಾತ್ರಿ ಅವನ ರೊಟ್ಟಿಯನ್ನು ಮುಚ್ಚಿಟ್ಟು ಕಾದೆ. ಮರುದಿನ ಬೆಳಿಗ್ಗೆ ಹೋದರೆ ದಂಡೆಯ ಮೇಲೆ ಅವನ ಚಪ್ಪಲಿ, ನೀರಿನ ಕಳೆಯೊಳಗೆ ಅವನು.

ಆಗ ನಮ್ಮ ಕೊರಗಪ್ಪ ಒಂದು ಉಪಾಯ ಹೇಳಿದ. ಕ್ಯಾಂಟೀನಿನ ಕೊರಗಪ್ಪ, ಅಲ್ಲಿ ಕಂಬಕ್ಕೆ ಒರಗಿ ನಿಂತಿದ್ದಾನಲ್ಲ, ಅವನೇ. ಮಂಗಳೂರು ಕಡೆಯವನು, ನೀರು ಕಂಡವನು. “ತಲೆ ಎಣಿಸಿದ್ರೆ ತಪ್ಪುತ್ತದೆ ಮಾರಾಯ. ತಲೆ ಅಲ್ಲಾಡ್ತದೆ. ಚಪ್ಪಲಿ ಅಲ್ಲಾಡುದಿಲ್ಲ” ಎಂದ. ಅಂದಿನಿಂದ ಅದೇ ನಮ್ಮ ಪದ್ಧತಿ. ದಂಡೆಗೆ ಅಡ್ಡಲಾಗಿ ಹಗ್ಗ. ಹಗ್ಗ ದಾಟಿ ನೀರಿನ ಹತ್ತಿರ ಹೋಗುವವರು, ಆರತಿ ಮಾಡುವ ಹೆಂಗಸರೂ ಸೇರಿ, ಈಚೆಗೆ ಸಾಲಾಗಿ ಚಪ್ಪಲಿ ಬಿಡಬೇಕು. ಬಂದವರು ಮೆಟ್ಟಿಕೊಂಡು ಹೋಗಬೇಕು. ಸಾಲು ಖಾಲಿಯಾದರೆ ಕೆರೆ ಖಾಲಿ. ಚಪ್ಪಲಿ ಉಳಿದರೆ ಮನುಷ್ಯ ನೀರಲ್ಲಿ ಉಳಿದ ಎಂದು ಅರ್ಥ. ಅಗ್ದೀ ಸರಳ. ಬೇರೆ ಕಾರ್ಖಾನೆಯವರೂ ಬಂದು ನೋಡಿಕೊಂಡು ಹೋದರು.

ನಾಲ್ಕು ವರ್ಷ ಸಾಲು ಖಾಲಿಯಾಯಿತು. ಹೋದ ವರ್ಷ, ಐದನೆಯ ಸಲ, ಸಂಜೆ ಆರೂವರೆಗೆ ಸಾಲಿನ ತುದಿಯಲ್ಲಿ ಒಂದು ಜೊತೆ ಉಳಿಯಿತು.

ಗದ್ದಲ ಬೇಡ. ದಯವಿಟ್ಟು. ಪೂರ್ತಿ ಕೇಳಿ.

ನಾನು ನೀರು ನೋಡಿದೆ. ನೀರು ಸುಮ್ಮನಿತ್ತು. ಯಾರಾದರೂ ಬಂದಾರು ಎಂದು ಕಾದೆ. ಅಷ್ಟರಲ್ಲಿ ಆ ಕಡೆ ಧರ್ಮಣ್ಣನವರು ಮೈಕಿನಲ್ಲಿ, ಐದನೆಯ ವರ್ಷವೂ ನಿರ್ವಿಘ್ನ ಎಂದು ಘೋಷಿಸಿಬಿಟ್ಟರು. ಪೇಡೆ ಹಂಚಿದರು. ಒಂದು ಪೇಡೆ ನನ್ನ ಬಾಯಿಗೂ ಬಂತು. ಕೊರಗಪ್ಪ ಹಗ್ಗ ಸುತ್ತುತ್ತ, “ಎಲ್ಲ ಸರಿ ಉಂಟಲ್ಲ?” ಎಂದು ಕೇಳಿದ. ಬಾಯಲ್ಲಿ ಪೇಡೆ. “ಸರಿ ಐತಿ” ಎಂದೆ. ಯಾರೋ ಮರೆತು ಬರಿಗಾಲಲ್ಲಿ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೆಗಲಲ್ಲಿದ್ದ ಸಮಿತಿಯ ಔಷಧದ ಚೀಲದಲ್ಲಿ ಆ ಜೊತೆಯನ್ನು ತುರುಕಿದೆ. ಚಾ ಕುಡಿಯಲು ಹೋಗಿರಬೇಕು ಎಂದವನಿಗೆ ಇದೇನು ಹೊಸದೇ?

ಆಮೇಲೆ ನಿದ್ದೆಯೆಲ್ಲಿ? ಎಂಟು ದಿನ ಶಿಫ್ಟಿಗೆ ಮೊದಲು ಕೆರೆ ಸುತ್ತಿದೆ. ಪವಾಯಿಯಲ್ಲಿ ಮೊಸಳೆ ಇವೆ ಎಂದು ನಿಮಗೂ ಗೊತ್ತು. ಹೆಣ ತೇಲಲಿಲ್ಲ ಎಂದರೆ ಸಮಾಧಾನ ಮಾಡಿಕೊಳ್ಳಬೇಕೋ ಬೇಡವೋ ಅದೂ ತಿಳಿಯಲಿಲ್ಲ. ಪೊಲೀಸ್ ಚೌಕಿಗೂ ಹೋದೆ. ಹವಾಲ್ದಾರರು ಮರಾಠಿಯಲ್ಲಿ ಯಾರು ಕಳೆದಿದ್ದಾರೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಗಂಡಸೋ ಹೆಂಗಸೋ ಎಂದರು. ಗೊತ್ತಿಲ್ಲ ಎಂದೆ, ನನ್ನ ಮೇಲೆಯೇ ಸಂಶಯ ಬಂದೀತೆಂದು ಹೆದರಿ ಸುಳ್ಳೇ ಹೇಳಿದೆ. ಮತ್ತೇನು ಸಿಕ್ಕಿದೆ? ಚಪ್ಪಲಿ. ಅವರು ರಿಜಿಸ್ಟರು ಮುಚ್ಚಿ, ಕಳಕೊಂಡವರನ್ನು ಮೊದಲು ಕರೆದುಕೊಂಡು ಬಾ ಎಂದು ಕಳುಹಿಸಿದರು. ಕಾರ್ಖಾನೆಯ ಹಾಜರಿ ಪಟ್ಟಿ ನೋಡಿದೆ, ಎಲ್ಲರೂ ಇದ್ದರು. ಆದರೆ ಮನೆಮಂದಿಗೆ ಹಾಜರಿ ಪಟ್ಟಿ ಇದೆಯೇ? ಊರಿಂದ ಹಬ್ಬಕ್ಕೆ ಬಂದ ತಂಗಿ, ಅತ್ತೆ, ನಾದಿನಿ, ಇವರನ್ನು ಯಾರು ಎಣಿಸುತ್ತಾರೆ?

ಆ ಜೊತೆಯನ್ನು ಕಾರ್ಖಾನೆಯ ಟೂಲ್ ಕಪಾಟಿನಲ್ಲಿ ಬೀಗ ಹಾಕಿ ಇಟ್ಟೆ. ಅಂದಿನಿಂದ ಎಲ್ಲಿ ಹೋದರೂ ಚಪ್ಪಲಿ ಎಣಿಸುತ್ತೇನೆ. ಮದುವೆಯಲ್ಲಿ, ಗುಡಿಯಲ್ಲಿ. ಇವತ್ತೂ ಈ ಹಾಲಿನ ಹೊರಗೆ ಬಿಟ್ಟಿರುವುದನ್ನು ಎಣಿಸಿಯೇ ಒಳಗೆ ಬಂದಿದ್ದೇನೆ. ಇನ್ನೂರ ಹದಿನೆಂಟು ಜೊತೆ. ಇನ್ನು ಹನ್ನೊಂದು ದಿನಕ್ಕೆ ಮತ್ತೆ ಗಣಪತಿ. ಯಾವ ಬಾಯಿಂದ ನಾನು ಹಗ್ಗದ ಹತ್ತಿರ ನಿಂತು, ಹೋಗಿ, ನಾನು ನೋಡಿಕೊಳ್ಳುತ್ತೇನೆ ಎನ್ನಲಿ?

ಅದಕ್ಕೇ ಕೇಳುತ್ತೇನೆ. ಹೋದ ವರ್ಷ ಪವಾಯಿಗೆ ಬಂದವರಲ್ಲಿ ಬಹಳ ಜನ ಈ ಸಭೆಯಲ್ಲಿದ್ದೀರಿ. ಆ ಚಪ್ಪಲಿ ನನ್ನದು ಎನ್ನುವವರು ಕೈ ಎತ್ತಿ. ಬೈಯುವುದಿಲ್ಲ. ದೇವರಾಣೆ, ಕಾಲಿಗೆ ಬೀಳುತ್ತೇನೆ.

ಒಂದು. ನಮ್ಮ ಸಮಿತಿಯ ಭೀಮರಾಯ ಎತ್ತಿದ. ಎರಡು. ಅವನ ಪಕ್ಕದ ಐತ ಎತ್ತಿದ. ಮೂರು. ಕೊರಗಪ್ಪ, ನೀನೂ?

ಜೊತೆ ಒಂದು, ಕೈ ಮೂರು.

ಧರ್ಮಣ್ಣನವರೇ, ಕ್ಷಮಿಸಿ, ಸಭೆಗೆ ಬೆಳಗಿಸಿದ ದೀಪದಿಂದ ದೂರ ಬಂದು ಈ ಮೂಲೆಯಲ್ಲಿ ಗಂಟು ಬಿಚ್ಚುತ್ತೇನೆ. ಪೇಪರ್ ಮೇಲೆಯೇ ಇರುತ್ತದೆ, ನೆಲಕ್ಕೆ ತಾಗಿಸುವುದಿಲ್ಲ. ನೋಡಿ. ಹೆಂಗಸರ ಕೊಲ್ಹಾಪುರಿ, ನನ್ನ ಒಂದು ಗೇಣಿನಷ್ಟು ಉದ್ದ. ಭೀಮರಾಯ, ನಿನ್ನ ಹೆಬ್ಬೆರಳು ಇದರಲ್ಲಿ ಹಿಡಿಸುತ್ತದೆಯೇನಪ್ಪ?

ನಗಿರಿ, ನಗಿರಿ. ನನಗೂ ನಗು ಬಂತು, ಅದರ ಹಿಂದೆ ಅಳುವೂ ಬಂತು. ನನ್ನ ಎದೆಯ ಭಾರ ಇಳಿಯಲಿ ಎಂದು ಮೂವರು ತುಂಬಿದ ಸಭೆಯಲ್ಲಿ ಸುಳ್ಳು ಕೈ ಎತ್ತಿದಿರಿ. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆದರೆ ಕೈ ಇಳಿಸಿ, ತಮ್ಮಂದಿರಾ. ಸತ್ತವರ ಲೆಕ್ಕ ಕೈ ಎತ್ತಿ ಪಾಸು ಮಾಡುವಂಥದ್ದಲ್ಲ.

ಇದನ್ನು ಹೋದ ವಾರ ಮನೆಗೆ ತಂದೆ. ನನ್ನ ಮನೆಯವಳು ಸುಂದ್ರವ್ವ ಗಂಟು ಬಿಚ್ಚಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, “ಯಾರಕಿ ಇಕಿ?” ಒಂದು ವರ್ಷ ಯಾರಿಗೂ ಹೇಳದ್ದನ್ನು ಆ ಒಂದು ಪ್ರಶ್ನೆಗೆ ಪೂರ್ತಿ ಹೇಳಿಬಿಟ್ಟೆ. ಅವಳು ಹಣೆ ಬಡಿದುಕೊಂಡು ಅಂದದ್ದು ಇಷ್ಟು: “ಅಯ್ಯ ನಿಮ್ಮ! ಮನಿಗೆ ಶನೀ ಸಾಡೇಸಾತಿ ಬಡದಾಗ ಹಳೀ ಚಪ್ಪಲ ಗುಡಿ ಮುಂದ ಬಿಟ್ಟು ಹಿಂದ ನೋಡದ ಬರತಾರ. ಪೀಡಾ ಅದರ ಕೂಡ ಹೋಗತೈತಿ. ಯಾರೋ ಬೇಕಂತನ ಬಿಟ್ಟ ಹೋಗ್ಯಾರ. ಅವರ ಶನಿನ್ನ ನೀವು ಬೀಗ ಹಾಕಿ ಜ್ವಾಪಾನ ಮಾಡೀರಲ್ಲ!”

ಮಹನೀಯರೇ, ನಾನು ಹಳ್ಳಿಯವನು. ಈ ರೂಢಿ ನನಗೆ ಗೊತ್ತಿರಲಿಲ್ಲವೇ? ಗುಡಿಯಲ್ಲಿ ಚಪ್ಪಲಿ ಕಳೆದಾಗ ಶನಿ ಬಿಟ್ಟಿತು ಬಿಡು ಎಂದು ಎಷ್ಟು ಜನಕ್ಕೆ ನಾನೇ ಹೇಳಿಲ್ಲ? ಆದರೆ ನಮ್ಮ ಪದ್ಧತಿಯಲ್ಲಿ ಚಪ್ಪಲಿ ಎಂದರೆ ಮನುಷ್ಯ. ಬೇರೆ ಅರ್ಥ ತಲೆಗೇ ಹೊಳೆಯಲಿಲ್ಲ. ಹೋದ ವರ್ಷ ಮಳೆಗಾಲ ನೆನಪು ಮಾಡಿಕೊಳ್ಳಿ. ಕಾರ್ಖಾನೆ ಇಪ್ಪತ್ತೇಳು ಬದಲಿ ಕೆಲಸಗಾರರನ್ನು ಗೇಟಿನ ಹೊರಗೆ ನಿಲ್ಲಿಸಿತ್ತು. ಯೂನಿಯನ್ ಹೋರಾಡಿ ದೀಪಾವಳಿಯ ನಂತರ ಒಳಗೆ ತಂದಿತು. ಇಪ್ಪತ್ತೇಳು ಮನೆಗೆ ಆಗ ಶನಿ ಹಿಡಿದಿತ್ತೋ ಇಲ್ಲವೋ? ಯಾವಳೋ ಒಬ್ಬ ತಾಯಿ ಗಣಪತಿಯ ಮುಂದೆ ಅದನ್ನು ಬಿಟ್ಟು, ಬರಿಗಾಲಲ್ಲಿ, ಹಿಂದೆ ನೋಡದೆ ಹೋಗಿರಬಹುದು. ಇರಬಹುದು! ಆದರೆ ‘ಇರಬಹುದು’ ಎಂಬ ಮಾತಿನ ಮೇಲೆ ಒಬ್ಬನನ್ನು ನಾನು ಆಗಲೇ ಕೆರೆಯಲ್ಲಿ ಬಿಟ್ಟು ಬಂದಿದ್ದೇನೆ. ನನಗೆ ಅದು ಸಾಲದು.

ಧರ್ಮಣ್ಣನವರು ಗಡಿಯಾರ ತೋರಿಸುತ್ತಿದ್ದಾರೆ. ಎರಡೇ ನಿಮಿಷ.

ತಾಯಿ, ನೀವು ಇಲ್ಲಿ ಇದ್ದರೆ, ಯಾಕೆ ಕೈ ಎತ್ತಲಿಲ್ಲ ಎಂದು ಬಲ್ಲೆ. ನನ್ನದು ಎಂದರೆ ಬಿಟ್ಟ ಪೀಡೆ ಮತ್ತೆ ಬೆನ್ನು ಹತ್ತುತ್ತದೆ. ಬೇಡ. ನೀವು ಇದನ್ನು ತಿರುಗಿ ತಗೊಳ್ಳಬೇಡಿ, ಹೆಸರೂ ಹೇಳಬೇಡಿ. ಆ ಶನಿ ನನ್ನ ಹತ್ತಿರವೇ ಇರಲಿ, ಒಂದು ವರ್ಷ ಬಾಳಿಸಿದ್ದೇನೆ, ಮುಂದೆಯೂ ಬಾಳಿಸುತ್ತೇನೆ. ಎಡಗಾಲಿನ ಚಪ್ಪಲಿಯ ಉಂಗುಷ್ಟ, ಹೆಬ್ಬೆರಳು ತೂರಿಸುವ ಪಟ್ಟಿ, ಒಮ್ಮೆ ಕಿತ್ತಿದೆ. ಅದನ್ನು ಒಂದು ವಸ್ತುವಿನಿಂದ ಬಿಗಿದು ಕಟ್ಟಿದ್ದಾರೆ. ನೀವು ಕೂತಲ್ಲಿಂದ ಅದು ಯಾರಿಗೂ ಕಾಣುವುದಿಲ್ಲ. ಯಾತರಿಂದ ಕಟ್ಟಿದೆ, ಅಷ್ಟು ಹೇಳಿ. ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಸಭಿಕರೂ ದಯವಿಟ್ಟು ತಿರುಗಿ ನೋಡಬಾರದು. ಸುಂದ್ರವ್ವ, ನೀನು ನೋಡಿದ್ದೀ, ನೀನು ಬಾಯಿ ಮುಚ್ಚಿಕೊಂಡಿರು.

ಫ್ಯಾನು ನಿಲ್ಲಿಸಿ. ಯಾರೂ ಕೆಮ್ಮಬೇಡಿ.

...

ಏನಂದಿರಿ? ಇನ್ನೊಮ್ಮೆ, ತಾಯಿ.

“ತಾಮ್ರದ ತಂತಿರೀ, ಅಣ್ಣಾರ.”

ಹೌದು. ತಾಮ್ರದ ತಂತಿ. ಮೋಟಾರಿಗೆ ಸುತ್ತುವ ತಂತಿ, ನನ್ನ ವಿಭಾಗದ್ದೇ. ಅದು ಸುಂದ್ರವ್ವನ ದನಿಯಲ್ಲ, ಹದಿಮೂರು ವರ್ಷ ಕೇಳಿದ ದನಿ ನನಗೆ ಗೊತ್ತಾಗದೇ? ಬದುಕಿದ್ದೀರಿ. ಅವ್ವಾ, ಬದುಕಿದ್ದೀರಿ! ಒಂದು ನಿಮಿಷ ತಡೆಯಿರಿ, ಕಣ್ಣು ಒರೆಸಿಕೊಳ್ಳುತ್ತೇನೆ.

ಹೊರಗೆ ನಿಂತಿದ್ದ ಇಪ್ಪತ್ತೇಳು ಜನರಲ್ಲಿ ವೈಂಡಿಂಗ್‌ನವರು ಆರು. ಆರು ಮನೆ. ಬೇಕೆಂದರೆ ನಾಳೆಯೇ ಕಂಡುಹಿಡಿಯಬಲ್ಲೆ. ಆದರೆ ಇಷ್ಟು ವರ್ಷ ಎಣಿಸಿದವನು ಇದೊಂದನ್ನು ಎಣಿಸುವುದಿಲ್ಲ.

ಈ ವರ್ಷ ದಂಡೆಯಲ್ಲಿ ಹಗ್ಗ ಇರುತ್ತದೆ, ಸಾಲು ಇರುತ್ತದೆ. ಜೊತೆಗೆ ಆಲದ ಮರದ ಕೆಳಗೆ ಬೇರೆ ಒಂದು ಗೋಣಿಚೀಲ ಇರುತ್ತದೆ. ಶನಿ ಬಿಡುವವರು ಅದರಲ್ಲಿ ಬಿಡಿ, ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ಒಂದೇ ಒಂದು ಜೊತೆ ಉಳಿದರೂ ನಾನು ಪೇಡೆ ತಿನ್ನುವುದಿಲ್ಲ, ನೀರಿಗೆ ಇಳಿಯುತ್ತೇನೆ. ಬಾಳಿಸಿದ್ದು ಸಾಕೆನಿಸಿದ ದಿನ ಈ ಜೊತೆಯನ್ನೂ ಎಲ್ಲಾದರೂ ಬಿಡಬೇಕು. ಎಲ್ಲಿ ಬಿಟ್ಟರೂ ಅಲ್ಲಿನ ಸ್ವಯಂಸೇವಕರಿಗೆ ಮೊದಲು ಹೇಳಿಯೇ ಬಿಡುತ್ತೇನೆ.

ಈಗ ಶಾಲು ಹೊದಿಸುವುದಾದರೆ ಹೊದಿಸಿ, ಧರ್ಮಣ್ಣನವರೇ. ಸುಳ್ಳು ಕೈ ಎತ್ತಿದ ಮೂವರಿಗೆ, ನಿಜ ನುಡಿದ ಆ ತಾಯಿಗೆ, ಇಷ್ಟು ಹೊತ್ತು ಕೆಮ್ಮು ತಡೆದುಕೊಂಡ ನಿಮಗೆಲ್ಲರಿಗೆ ನನ್ನ ಕೃತಜ್ಞತೆ. ಹೊರಡುವಾಗ ಅವರವರ ಚಪ್ಪಲಿ ಅವರವರೇ ಮೆಟ್ಟಿಕೊಂಡು ಹೋಗಿರಪ್ಪ. ಕೊನೆಯ ಜೊತೆ ಹೋಗುವವರೆಗೆ ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ನಮಸ್ಕಾರ.